ಹೊಳೆಗೆ ಹೋದ ದಾರಿ

ಮುಂಡರಗಿಗೆ ಹೋಗುವ ಹೊಳೆದಂಡೆಯ ದಾರಿ ಬಿರುಮಳೆಗೆ ಅರ್ಧ ಕುಸಿದು ತುಂಗಭದ್ರೆಯ ಪಾಲಾಗಿತ್ತು. ಉಳಿದ ಅರ್ಧದಲ್ಲಿ ಒಂದು ಟಂಟಂ ಆಟೊ ಹಾಯುವಷ್ಟೇ ಜಾಗ. ಬೆಳಿಗ್ಗೆಯೇ ಮೋಡ ಮತ್ತೆ ಕವಿಯುತ್ತಿತ್ತು. ರಿಪೇರಿಗೆ ಬಂದ ಎಂಜಿನಿಯರ್ ರೋಹಿಣಿ ಗೂಟ ಹಿಡಿದು ಉಳ್ಳಾಗಡ್ಡಿ ಹೊಲದ ಅಂಚಿನಲ್ಲಿ ನಿಂತದ್ದನ್ನು ಕಂಡು ಹೊಲದ ಒಡೆಯ ಫಕ್ಕೀರಪ್ಪ ಓಡಿಬಂದ.

“ಹಾಳಾಗಿದ್ದು ದಾರಿ ಮೇಡಮ್ಮಾರ. ನನ್ನ ಹೊಲದಾಗ ಗೂಟ ಯಾಕ?”

“ದಾರಿ ಒಳಗ ಸರಿಸಬೇಕ್ರಿ ಯಜಮಾನ್ರ. ದಂಡಿ ನೆಟ್ಟಗ ನಿಂತೈತಿ, ಅದನ್ನ ಇಳಿಜಾರ ಕಡೀಬೇಕು. ಬುಡಕ್ಕ ಕಲ್ಲು ಕೂಡಿಸಿ, ಮ್ಯಾಲ ಲಕ್ಕಿ ಗಿಡ, ಲಾವಂಚದ ಹುಲ್ಲು ಹಚ್ಚತೀವಿ. ಬೇರು ಮಣ್ಣು ಹಿಡೀತಾವು.”

“ಹುಲ್ಲು ಹೊಳಿ ತಡೀತೈತೇನ್ರಿ? ಸಿಮೆಂಟ್ ಗ್ವಾಡಿ ಕಟ್ರಿ. ದಾರೀನೂ ಉಳೀತೈತಿ, ನನ್ನ ಹೊಲಾನೂ ಉಳೀತೈತಿ.”

“ಗ್ವಾಡಿಗೆ ಬಡದ ನೀರು ಸುಮ್ಮನ ಹೋಗೂದಿಲ್ರಿ. ಅದರ ಬುಡಾನ ಕೊರೀತೈತಿ, ಇಲ್ಲಾ ಕೆಳಗಿನವರ ದಂಡಿ ತಿಂತೈತಿ. ಮ್ಯಾಲಿನ ಊರಾಗ ಕಟ್ಟಿದ ಗ್ವಾಡಿ ಈ ಸಲ ಮಲಗೈತಿ, ಹೋಗಿ ನೋಡ್ರಿ.”

“ಉಳ್ಳಾಗಡ್ಡಿ ಗಡ್ಡಿ ಕಟ್ಟೂ ಹೊತ್ತಿದು! ಎಲ್ಲಾರ ಕಣ್ಣಿಗೂ ರೈತನ ಹೊಲಾನ ಕಾಣತೈತಿ.”

ರೋಹಿಣಿ ಗೂಟ ಕೆಳಗಿಟ್ಟಳು. “ನೀವು ಹ್ಞೂಂ ಅನ್ನೂತನಕ ನಾ ಹೊಡ್ಯಾಂಗಿಲ್ರಿ. ಆದ್ರ ಇನ್ನೊಂದು ಮಳಿ ಆದ್ರ ಈ ಅರ್ಧಾನೂ ಉಳ್ಯಾಂಗಿಲ್ಲ.”

ಫಕ್ಕೀರಪ್ಪ ಹ್ಞೂಂ ಅನ್ನಲಿಲ್ಲ.

ಆ ಹೊಳೆಸಾಲಿನ ರೈತರಿಗೆ ಹಳೆಯದೊಂದು ಚಾಳಿಯಿತ್ತು. ಪ್ರತಿ ಮುಂಗಾರಿಗೆ ಉಳಲು ರಂಟೆ ಹೂಡಿದಾಗ ದಾರಿಯ ಅಂಚಿನಿಂದ ಒಂದು ಸಾಲು ಹೊಲಕ್ಕೆ ಸೇರಿಸಿಕೊಳ್ಳುವುದು. ಒಂದೇ ಸಾಲು, ಯಾರ ಕಣ್ಣಿಗೂ ಬೀಳದಷ್ಟು. ಎತ್ತಿನ ಚಕ್ಕಡಿಗಳು ಪಾಪ, ಅಷ್ಟೇ ಹೊಳೆಯ ಕಡೆ ಸರಿದು ಹೋಗುತ್ತಿದ್ದವು. ದಂಡೆಯ ಲಕ್ಕಿ ಗಿಡಗಳು ಗಾಲಿಯ ಕೆಳಗೆ ಸಿಕ್ಕು ಸಾಯುತ್ತಿದ್ದವು. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ. ಸಾಲು ಸಾಲು ಕೂಡಿದರೆ ಹೊಲವೇ ಅಲ್ಲವೇ? ಎಲ್ಲರಿಗೂ ಗೊತ್ತಿದ್ದ ಮಾತು. ಎಲ್ಲರೂ ಮಾಡುತ್ತಿದ್ದುದರಿಂದ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಇಸ್ಮಾಯಿಲಸಾಬನ ಟಂಟಂ ಬಂತು. ಅವನೂ ಪಕ್ಕದ ಹೊಲದ ರೈತನೇ. ಬೆಳಿಗ್ಗೆ ಊರ ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಫಕ್ಕೀರಪ್ಪನ ಮೊಮ್ಮಗಳು ಪ್ರಿಯಾ ಅಜ್ಜನನ್ನು ಕಂಡು ಕೈಬೀಸಿದಳು. ದಾರಿ ಕುಸಿದ ಜಾಗಕ್ಕೆ ಗಾಡಿ ಬರುತ್ತಲೇ ಉಳಿದ ದಾರಿಯ ನಡುವೆ ಬಿರುಕು ಬಿಟ್ಟಿತು. ಹಿಂಗಾಲಿ ಹೊಳೆಯ ಕಡೆ ಜಾರಿತು.

“ಹೊಲದ ಕಡೆ ಇಳೀರಿ! ಜಲ್ದಿ!” ಇಸ್ಮಾಯಿಲಸಾಬ ಬ್ರೇಕ್ ಬಿಡದೆ ಕೂಗಿದ.

ಫಕ್ಕೀರಪ್ಪ, ರೋಹಿಣಿ ಇಬ್ಬರೂ ಮಕ್ಕಳನ್ನು ಎಳೆದೆಳೆದು ಹೊಲಕ್ಕೆ ಹಾಕಿದರು. ಕೊನೆಗೆ ಪ್ರಿಯಾ. ಅವಳ ತೋಳು ಹಿಡಿದಾಗ ಕಾಲಕೆಳಗಿನ ಮಣ್ಣು ಸರಿಯುವುದು ಫಕ್ಕೀರಪ್ಪನಿಗೆ ತಿಳಿಯಿತು. ಇಸ್ಮಾಯಿಲಸಾಬ ಹೊಲದ ಕಡೆ ಹಾರಿಕೊಂಡ. ಟಂಟಂ ದಂಡೆಯ ಮಣ್ಣಿನ ಸಮೇತ ಕೆಂಪು ನೀರಿಗೆ ಬಿತ್ತು.

ಮಕ್ಕಳು ಅಳತೊಡಗಿದವು. ಫಕ್ಕೀರಪ್ಪ ಮೊಮ್ಮಗಳನ್ನು ಅವುಚಿಕೊಂಡು ಕುಳಿತ. ಅಂಥ ಹೆದರಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

“ಹಾಳಾದ ಹೊಳಿ, ದಾರೀಗೇ ಬಂತಲ್ಲೋ,” ಅಂದ.

“ಹೊಳಿ ಎಲ್ಲಿತ್ತೋ ಅಲ್ಲೇ ಐತಿ, ಫಕ್ಕೀರಪ್ಪಣ್ಣ,” ಇಸ್ಮಾಯಿಲಸಾಬ ನೀರಿನಿಂದ ಕಣ್ಣು ಕೀಳದೆ ಹೇಳಿದ. “ದಾರೀನ ನಾವು ಹೊಳಿಗೆ ದಬ್ಬೀವಿ. ನೀ ಒಬ್ಬಾವ ಅಲ್ಲ, ನಾನೂ.”

ಮಳೆ ಹನಿಯತೊಡಗಿತು. ಈಗ ಏನು ಕೇಳುವುದೂ ಸರಿಯಲ್ಲವೆಂದು ರೋಹಿಣಿ ಗೂಟಗಳನ್ನು ಒಟ್ಟುಮಾಡುತ್ತಿದ್ದಳು. ಫಕ್ಕೀರಪ್ಪ ಎದ್ದು ಬಂದು ಅವಳ ಕೈಯಿಂದ ಒಂದನ್ನು ತೆಗೆದುಕೊಂಡ. ಉಳ್ಳಾಗಡ್ಡಿ ತುಳಿಯುತ್ತ, ಅವಳು ಮೊದಲು ಗೂಟ ಹಿಡಿದು ನಿಂತಿದ್ದ ಜಾಗವನ್ನೂ ದಾಟಿ ಹೊಲದೊಳಗೆ ನಡೆದ. ಅಲ್ಲಿ ಗೂಟ ಊರಿ ಕಲ್ಲಿನಿಂದ ಬಡಿದ.

“ಅಷ್ಟು ಒಳಗ ಬ್ಯಾಡ್ರಿ ಯಜಮಾನ್ರ,” ಅಂದಳು ರೋಹಿಣಿ.

“ನಮ್ಮಪ್ಪ ಇದ್ದಾಗ ದಾರಿ ಇಲ್ಲಿತ್ತು,” ಅಂದ ಅವನು, ತಲೆ ಎತ್ತದೆ.

ಇಸ್ಮಾಯಿಲಸಾಬ ಅಂಗಿಯ ಕೆಸರು ಕೊಡವಿಕೊಂಡು ಎದ್ದು ರೋಹಿಣಿಯ ಮುಂದೆ ಕೈಚಾಚಿದ.

“ನನಗೊಂದು ಕೊಡ್ರಿ. ಮುಂದಿನ ಹೊಲಾ ನಂದು.”