ಬಾಳೆರೋಗದ ಪ್ರಬಂಧಗಳಲ್ಲಿ ಪರ್ಪೆಟುವಾ

ನನ್ನ ಬಾಳೆರೋಗದ ಪ್ರಬಂಧ ಓದಿದ ಮೇಲೆ ವಿಕ್ಟೋರಿಯಾ ಸರೋವರದ ಮೊಸಳೆಗಳು ಮಾಂಸ ಬಿಟ್ಟು ಬಾಳೆಹಣ್ಣು ತಿನ್ನತೊಡಗಿದವು. ನಂಬದಿದ್ದರೆ ಮೊಸಳೆಗಳನ್ನೇ ಕೇಳಿ, ಸ್ವಲ್ಪ ಹತ್ತಿರ ಹೋಗಿ ಕೇಳಿ.

ಇಂಥ ನಾನೂ ತಲೆ ತಗ್ಗಿಸುವುದು ಒಬ್ಬಳ ಮುಂದೆ, ಡಾಕ್ಟರ್ ಪರ್ಪೆಟುವಾಳ ಮುಂದೆ. ಮಕ್ಕಳ ದವಡೆಯಲ್ಲಿ ಏಳುವ ಕ್ಯಾನ್ಸರ್ ಗಡ್ಡೆಯ ಬಗ್ಗೆ ಅವಳು ಬರೆದದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಕಂಪಾಲಾದ ಕೊಕ್ಕರೆಗಳೆಲ್ಲ ಮರ ಬಿಟ್ಟು ಅದರ ಮೇಲೇ ಗೂಡು ಕಟ್ಟುತ್ತವೆ. ಜಪಾನಿನವರು ಅವಳನ್ನು ಉಲ್ಲೇಖಿಸುತ್ತಾರೆ, ಬ್ರೆಜಿಲಿನವರೂ ಉಲ್ಲೇಖಿಸುತ್ತಾರೆ. ಆದರೆ ಅವರೆಲ್ಲರಿಗಿಂತ ಹೆಚ್ಚು ಉಲ್ಲೇಖಿಸಿದವನು ನಾನು. ಬಾಳೆ ಬಾಡುವುದರ ಬಗ್ಗೆ ಏನೇ ಬರೆಯಲಿ, ಕೊನೆಯ ಪುಟದ ಆಧಾರಗಳಲ್ಲಿ ಅವಳ ಒಂದು ಪ್ರಬಂಧ ಇರಲೇಬೇಕು.

ನಾವು ವಿಶ್ವವಿದ್ಯಾಲಯದಲ್ಲಿ ಒಟ್ಟಿಗಿದ್ದವರು. ಅಲ್ಲಿ ಎಲ್ಲರಿಗೂ ಚರ್ಚಿನ ಹೆಸರೇ, ಯಾರದು ಯಾವ ಕುಲವೆಂದು ಹೆಸರಿನಿಂದ ತಿಳಿಯದು. ಅವಳು ಪರ್ಪೆಟುವಾ, ನಾನು ಡೊನಾಟಸ್. ಅವಳ ಜೊತೆ ಎಷ್ಟು ಸಂಜೆ ನಡೆದಿದ್ದೇನೆಂದರೆ ನಮ್ಮ ಕಾಲಿಗೆ ಸವೆದು ವಿಶ್ವವಿದ್ಯಾಲಯದ ಗುಡ್ಡ ಅರ್ಧ ಇಳಿದಿದೆ. ಒಂದು ನವೆಂಬರಿನಲ್ಲಿ ಗೆಳೆಯರು ಹುರಿದ ಮಿಡತೆ ತಂದರು. ಎಲ್ಲರೂ ಮುಗಿಬಿದ್ದರು. ನಾನು ತಟ್ಟೆಯನ್ನು ಆಚೆ ತಳ್ಳಿದೆ. ಅದು ಅವಳ ಮುಂದೆ ಹೋಯಿತು, ಅವಳೂ ತಳ್ಳಿದಳು. ನಮ್ಮಲ್ಲಿ ಮಿಡತೆ ಮುಟ್ಟದವರು ಮಿಡತೆ ಬೆಡಗಿನವರು, ಮಿಡತೆಯೇ ಅವರ ಕುಲದ ಗುರುತು. ಒಂದೇ ಬೆಡಗಿನವರೆಂದರೆ ಅಣ್ಣತಂಗಿ, ಮದುವೆ ಕೂಡದು. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಅಣ್ಣಾ, ಉಪ್ಪು ಕೊಡು" ಅಂದಳು. ನನ್ನ ಎದೆ ಒಡೆದ ಸದ್ದಿಗೆ ಎಂಟೆಬ್ಬೆಯಲ್ಲಿ ಇಳಿಯುತ್ತಿದ್ದ ವಿಮಾನ ಮತ್ತೆ ಮೇಲಕ್ಕೆ ಹಾರಿತು.

ಮುಂದೆ ಅವಳು ಮಸಾಕಾದ ವಕೀಲನೊಬ್ಬನನ್ನು ಮದುವೆಯಾದಳು. ಅವಳಿಗೆ ಒಡಹುಟ್ಟಿದ ಗಂಡುಮಕ್ಕಳಿರಲಿಲ್ಲ. ಗಂಡಿನ ಕಡೆಯವರು ವಧುವಿನ ಅಣ್ಣನಿಗೆ ಕೊಡುವ ಹುಂಜ ನನ್ನ ಕೈಗೇ ಬಂತು. ಸಾರು ಚೆನ್ನಾಗಿತ್ತೆಂದು ಉಂಡವರು ಹೇಳಿದರು.

ಮೊನ್ನೆ ಮಧ್ಯಾಹ್ನ ನಮ್ಮ ಬಾಳೆ ಸಂಶೋಧನಾ ತೋಟಕ್ಕೆ ಬಾಡಿಗೆ ಬೈಕಿನ ಹಿಂದೆ ಕೂತು ಬಂದಳು. ಹೆಲ್ಮೆಟ್ ಕೂಡ ತೆಗೆಯಲಿಲ್ಲ.

"ಏನು ಮಾಡಿಟ್ಟಿದ್ದೀಯ ಅಣ್ಣಾ? ಪ್ರೊಫೆಸರ್ ಬಡ್ತಿ ಸಮಿತಿಯವರು ನನ್ನ ಉಲ್ಲೇಖಗಳನ್ನೆಲ್ಲ ಜಾಲಾಡಿದ್ದಾರೆ. ಕ್ಯಾನ್ಸರಿಗೂ ಬಾಳೆಗೂ ಏನಮ್ಮಾ ಸಂಬಂಧ ಅಂತ ಕೇಳ್ತಿದ್ದಾರೆ. ಉಲ್ಲೇಖದ ಲೆಕ್ಕ ಏರಿಸೋಕೆ ನಾನೇ ನಿನ್ನ ಕೈಲಿ ಬರೆಸ್ಕೊಂಡೆ ಅಂತ ಅನುಮಾನ ಅವರಿಗೆ. ನಾಳೆ ಉತ್ತರ ಕೊಡದಿದ್ರೆ ಬಡ್ತಿ ಹೋಯ್ತು."

"ಅಷ್ಟೇನಾ ತಂಗಿ? ಬಾಳೆದಿಂಡಿನೊಳಗೂ ಗಡ್ಡೆ ಏಳುತ್ತೆ. ಥೇಟ್ ನಿನ್ನ ವಾರ್ಡಿನ ಮಕ್ಕಳ ದವಡೆ ಥರಾನೇ. ಕಂಡುಹಿಡಿದಿದ್ದೀನಿ, ಪ್ರಪಂಚಕ್ಕೆ ಇನ್ನೂ ಹೇಳಿಲ್ಲ."

"ಹೌದಾ? ತೋರಿಸು. ಕತ್ತಿ ತಗೋ, ನಡಿ."

ಒಂದು ಬಾಳೆ ಸೀಳಿದೆ. ಬೆಳ್ಳನೆ ದಿಂಡು. ಇನ್ನೊಂದು ಸೀಳಿದೆ. ಇನ್ನೂ ಬೆಳ್ಳಗಿತ್ತು.

"ನಾಚಿಕೆ ಸ್ವಭಾವದ ಗಡ್ಡೆ ಇದು," ಅಂದೆ. "ಹೊಸಬರು ಬಂದ್ರೆ ಬೇರಿಗಿಳಿದು ಕೂತ್ಕೊಳ್ಳುತ್ತೆ."

"ಬಾಳೆಗೆ ದವಡೆ ಎಲ್ಲಿದೆಯೋ ಸುಳ್ಳುಬುರುಕ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಇನ್ನೊಂದು ಬಾಳೆಗೆ ಕತ್ತಿ ಎತ್ತಿದೆ. ಅವಳು ನನ್ನ ಕೈ ತಡೆದಳು. ನಗು ನಿಂತಿತ್ತು.

"ಆ ಹುದ್ದೆ ಸಿಕ್ಕಿದ್ರೇ ವಾರ್ಡಿಗೆ ಏನು ಔಷಧಿ ಬೇಕು ಅಂತ ಹೇಳೋ ಜಾಗದಲ್ಲಿ ನಾನು ಕೂರೋದು. ಮಕ್ಕಳು ಕಾಯ್ತಿವೆ, ಅಣ್ಣಾ. ಯಾಕೆ ಹೀಗೆ ಮಾಡ್ದೆ?"

ಇನ್ನೊಂದು ಸುಳ್ಳು ನಾಲಿಗೆ ತುದಿಯವರೆಗೆ ಬಂದಿತ್ತು. ಅವಳ ಕೈ ಇನ್ನೂ ನನ್ನ ಕೈಮೇಲಿತ್ತು.

"ಏನೂ ಸಂಬಂಧ ಇಲ್ಲ," ಅಂದೆ. "ಕ್ಯಾನ್ಸರಿಗೂ ಬಾಳೆಗೂ ಏನೇನೂ ಇಲ್ಲ. ನಿನ್ನ ಹೆಸರು, ನನ್ನ ಹೆಸರು ಒಂದೇ ಕಾಗದದಲ್ಲಿ ಅಚ್ಚಾಗೋಕೆ ನಮಗೆ ಬೇರೆ ದಾರಿ ಇರಲಿಲ್ಲ. ಪತ್ರಿಕೆ ಬಂದಾಗ ಕೊನೆಯ ಪುಟ ತೆಗೆದು ನೋಡ್ತಿದ್ದೆ, ಅಷ್ಟೆ. ನೀನು ಕೇಳಿದ್ದಲ್ಲ, ನಿನಗೆ ಗೊತ್ತೂ ಇರಲಿಲ್ಲ. ನಾಳೆ ನಾನೇ ಬಂದು ಸಮಿತಿ ಮುಂದೆ ಹೇಳ್ತೀನಿ."