ಕವಾಟ ಮುಚ್ಚಿದೆ

ಗ್ಯಾಸಿನ ಗುಂಡಿಯನ್ನು ಎರಡನೆಯ ಸಲ ಮುಟ್ಟುವಾಗ ಅದು ಆಫ್ ಆಗಿಯೇ ಇದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಮುಟ್ಟಿದ. ಆಮೇಲೆ ಅಡುಗೆಮನೆಯ ಕಿಟಕಿ, ಬಚ್ಚಲಿನ ನಲ್ಲಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು. ಇಷ್ಟನ್ನು ನೋಡದೆ ಅವನ ಕಾಲು ಹೊಸ್ತಿಲು ದಾಟುತ್ತಿರಲಿಲ್ಲ.

"ನಾನಿನ್ನೂ ಮನೆಯಲ್ಲೇ ಇದೀನಿ," ಎಂದಳು ಹೆಂಡತಿ. "ಟೀ ಕಾಯಿಸ್ಕೋಬೇಕು."

"ಹೂಂ."

"ಸಂಜೆ ಆರಕ್ಕೆ ರೈಲು."

"ಗೊತ್ತು."

ಅವಳು ಇನ್ನೇನೋ ಹೇಳಬಹುದೆಂದು ಅವನು ಕಾದ. ಅವಳೂ ಅದಕ್ಕೇ ಕಾದಿರಬೇಕು. ಮೇಜಿನ ಮೇಲೆ ಮೀನಿನ ತೊಟ್ಟಿ ಇದ್ದ ಜಾಗದಲ್ಲಿ ಬೆಳ್ಳಗೆ ಚೌಕದ ಗುರುತೊಂದು ಉಳಿದಿತ್ತು. ಬೆರಳಿನಿಂದ ಉಜ್ಜಿದ. ಹೋಗಲಿಲ್ಲ. ಚೀಲವನ್ನು ಹೆಗಲಿಗೇರಿಸಿ ಹೊರಟ.

ಭಾನುವಾರ ಅವಳು ಸುತ್ತಿಬಳಸದೆ ಕೇಳಿದ್ದಳು. ಕಟ್ಟಡಗಳ ನಕ್ಷೆ ಬರೆಯುವುದು ಅವಳ ಕೆಲಸ. ತಂಗಿಯ ಊರಿನಲ್ಲಿ ಅಂಥದೇ ಒಂದು ಕೆಲಸ ಸಿಕ್ಕಿತ್ತು. ಮಗಳು ಆಗಲೇ ಚಿಕ್ಕಮ್ಮನ ಮನೆ ಸೇರಿ ಅಲ್ಲಿನ ಶಾಲೆಗೆ ಹೋಗುತ್ತಿದ್ದಳು. "ಆ ಕೆಲಸ ಇಲ್ಲದಿದ್ರೆ ನನ್ನ ಜೀವ ಏನೂ ಹೋಗಲ್ಲ," ಎಂದಿದ್ದಳು ಹೆಂಡತಿ. "ಹೋಗಬೇಡ ಅಂತ ನೀವು ಒಂದು ಮಾತು ಹೇಳಿ, ಇಲ್ಲೇ ಇರ್ತೀನಿ. ಮಗಳನ್ನೂ ಕರ್ಕೊಂಡು ಬರ್ತೀನಿ. ಯಾಕೆ ಏನು ಅಂತ ಕೇಳಲ್ಲ. ಆದ್ರೆ ನಿಮ್ಮ ಬಾಯಿಂದ ಬರಬೇಕು."

"ನೋಡೋಣ," ಎಂದಿದ್ದ ಅವನು. ಏನನ್ನು ನೋಡುವುದು ಎಂದು ಅವನಿಗೇ ತಿಳಿದಿರಲಿಲ್ಲ.

ಅವಳು ಹೋಗುವುದು ಅವನಿಗೆ ಬೇಡವಾಗಿತ್ತು. ಅದರಲ್ಲಿ ಅನುಮಾನವೇನೂ ಇರಲಿಲ್ಲ. ಅವಳಿಲ್ಲದ ಮನೆಯನ್ನು ನೆನೆಯಲೂ ಅವನಿಂದ ಆಗುತ್ತಿರಲಿಲ್ಲ. ಆದರೆ ಅದನ್ನು ಹೇಳಹೊರಟರೆ ಬಾಯಿಗೆ ಬೇರೆಯೇ ಮಾತು ಬರುತ್ತಿತ್ತು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಮತ್ತೆ ಅದೇ ಯೋಚನೆ ಬಂತು. ಮನೆಯಿಂದ ಸಾಮಾನುಗಳು ಒಂದೊಂದಾಗಿ ಹೋಗುತ್ತಿರುವ ಕ್ರಮ. ಮೊದಲು ಹೋದದ್ದು ಮೀನಿನ ತೊಟ್ಟಿ, ಮೇಲಿನ ಮನೆಯ ಮಕ್ಕಳಿಗೆ. ಮನೆಗೆ ಎಲ್ಲಕ್ಕಿಂತ ಕೊನೆಯಲ್ಲಿ ಬಂದದ್ದು ಅದೇ. ಅದಕ್ಕೂ ಮುಂಚೆ ಬಂದಿದ್ದ ಹೊಲಿಗೆ ಯಂತ್ರ ಆಮೇಲೆ ಹೋಯಿತು. ಅದಕ್ಕೂ ಹಿಂದೆ ಹುಟ್ಟಿದ್ದ ಮಗಳು ಆಮೇಲೆ. ಇನ್ನು ಉಳಿದವಳು ಹೆಂಡತಿ. ಹೆಂಡತಿಗೆ ಈ ಕ್ರಮದ ಪರಿವೆಯೇ ಇರಲಿಲ್ಲ, ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದಳು ಅಷ್ಟೆ. ಆದರೆ ಎಲ್ಲವೂ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿರುವುದನ್ನು ಕಂಡಾಗ ಅವನಿಗೆ ಒಂದು ಗಳಿಗೆ ಖುಷಿಯಾಗಿತ್ತು. ಆ ಖುಷಿಗೆ ಆಮೇಲೆ ನಾಚಿಕೆಪಟ್ಟಿದ್ದ.

ಕೊನೆಗೆ ಎದ್ದದ್ದು ಮೊದಲು ಮಲಗಬೇಕು. ಅವನ ಕಸುಬಿನ ಕಟ್ಟುಪಾಡು ಅದು.

ಪ್ರೋಗ್ರಾಮು ಮೇನ್ ಎಂಬಲ್ಲಿಂದ ಶುರುವಾಗುತ್ತದೆಂದು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಅದು ಅರ್ಧ ಸುಳ್ಳು. ಮೇನ್ ಕಣ್ಣು ಬಿಡುವ ಮುಂಚೆಯೇ ಒಂದಷ್ಟು ಕೋಡ್ ತಾನಾಗಿ ಓಡಿ, ಜಾಗ ಗುಡಿಸಿ, ಸಾಮಾನು ಜೋಡಿಸಿಟ್ಟಿರುತ್ತದೆ. ಮೇನ್ ಮುಗಿದ ಮೇಲೆ ಇನ್ನಷ್ಟು ಕೋಡ್ ತಾನಾಗಿ ಓಡಿ, ತೆರೆದದ್ದನ್ನು ಮುಚ್ಚಿ, ಪಡೆದದ್ದನ್ನು ಹಿಂದಿರುಗಿಸುತ್ತದೆ. ಅವನು ಬರೆಯುತ್ತಿದ್ದದ್ದು ಈ ಎರಡು ತುದಿಗಳನ್ನು. ನಡುವಿನದು ಬೇರೆಯವರ ಪಾಲು. ಹಾಗಾಗಿ ಆಫೀಸಿನಲ್ಲಿ ಅವನಿಗೆ ದ್ವಾರಪಾಲಕ ಎಂದು ಹೆಸರು ಬಿದ್ದಿತ್ತು. ಅವನಿಗೆ ಅದು ಹಿಡಿಸಿಯೂ ಇತ್ತು. ಒಳಗೆ ಏನು ನಡೆಯುತ್ತಿದೆ ಎಂದು ದ್ವಾರಪಾಲಕನನ್ನು ಯಾರೂ ಕೇಳುವುದಿಲ್ಲ.

"ದ್ವಾರಪಾಲಕರು ಬಂದ್ರು," ಎಂದಳು ಅತ್ತೆ. ಅವಳು ಯಾರಿಗೂ ಅತ್ತೆಯಲ್ಲ, ಮದುವೆಯೂ ಆಗಿರಲಿಲ್ಲ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವಳಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವಾದ್ದರಿಂದ ಆಫೀಸಿಗೆ ಆಫೀಸೇ ಅವಳನ್ನು ಹಾಗೆ ಕರೆಯುತ್ತಿತ್ತು. "ನಿಮ್ಮ ಕಪಾಟು ನಿನ್ನೇನೂ ಬಾಯಿ ಬಿಡಲಿಲ್ಲ."

ಕಪಾಟು ಎಂದರೆ ಆಸ್ಪತ್ರೆಗಳಲ್ಲಿ ರಕ್ತದ ಚೀಲಗಳನ್ನು ತಂಪಾಗಿಡುವ ಯಂತ್ರ. ತೊಳೆಯುವುದಕ್ಕೆಂದು ಅದನ್ನು ನಿಲ್ಲಿಸುವಾಗ, ತಂಪು ಹರಿಯುವ ಕೊಳವೆಯ ಕವಾಟವನ್ನು ಪ್ರೋಗ್ರಾಮೇ ಮುಚ್ಚಿ, 'ಕವಾಟ ಮುಚ್ಚಿದೆ' ಎಂದು ಪರದೆಯ ಮೇಲೆ ಒಂದು ಸಾಲು ತೋರಿಸಬೇಕು. ಆ ಸಾಲು ಬರುತ್ತಿರಲಿಲ್ಲ.

"ಕವಾಟ ಮುಚ್ತಾ ಇದೆ," ಎಂದ ಅವನು.

"ಮುಚ್ತಾ ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಪ್ರತಿ ಸಲ ಯಾರಾದ್ರೂ ಹಿಂದುಗಡೆ ಬಿಚ್ಚಿ ನೋಡ್ಬೇಕು. ಹೇಳಿದ್ರೆ ತಾನೆ ತಿಳಿಯೋದು?"

ಮ್ಯಾನೇಜರ್ ಕಾಫಿ ಲೋಟ ಹಿಡಿದು ಬಂದು ಹಿಂದೆ ನಿಂತ. "ಇಷ್ಟೆಲ್ಲ ರಗಳೆ ಯಾಕೆ? ಒಂದೇ ಏಟಿಗೆ ಪವರ್ ಕಿತ್ತು ಹಾಕಿದ್ರಾಯ್ತಪ್ಪ."

"ಹಾಗೆ ಕಿತ್ತರೆ ಮುಚ್ಚೋ ಕೋಡ್ ಓಡೋದೇ ಇಲ್ಲ. ಎಲ್ಲ ಇದ್ದ ಹಾಗೇ ಬಿಟ್ಟುಹೋಗುತ್ತೆ."

"ಯಾರಿಗೂ ನೋವಿಲ್ಲ ಅನ್ನು," ಎಂದು ಮ್ಯಾನೇಜರ್ ನಕ್ಕು ಹೋದ. ಅವನು ನಗಲಿಲ್ಲ. ಪವರ್ ಕಿತ್ತ ಹಾಗೆ ಮುಗಿಸುವುದೂ ಒಂದು ಕೊನೆಯಲ್ಲವೇ ಎಂದು ಅವನಿಗೆ ಹೊಳೆಯಿತು. ರೈಲು ಹೊರಡುವವರೆಗೂ ಆಫೀಸಿನಲ್ಲೇ ಕೂತುಬಿಡುವುದು. ಹೇಳುವುದೂ ಇಲ್ಲ, ಹೇಳದೆ ಉಳಿಯುವುದೂ ಇಲ್ಲ. ಸುಲಭದ ದಾರಿ ಕಂಡದ್ದಕ್ಕೆ ಮನಸ್ಸು ಹಗುರವಾಯಿತು, ಮರುಗಳಿಗೆ ಮತ್ತಷ್ಟು ಭಾರವಾಯಿತು.

ಊಟದ ಹೊತ್ತು ಮೀರಿದ್ದು ಅವನಿಗೆ ತಿಳಿಯಲಿಲ್ಲ. ತಪ್ಪು ಸಿಕ್ಕಿತ್ತು.

ಪ್ರೋಗ್ರಾಮಿನೊಳಗೆ ನಡೆದದ್ದನ್ನು ಪರದೆಗೆ ತಲುಪಿಸುವ ಭಾಗವನ್ನು ಅವರೆಲ್ಲ ವರದಿಗಾರ ಎನ್ನುತ್ತಿದ್ದರು. ವರದಿಗಾರ ಮುಂಚಿತವಾಗಿ ಎದ್ದು ಕೂರುವವರ ಪೈಕಿಯಲ್ಲ. ಯಾರಾದರೂ ಮೊದಲ ಸಲ ಮಾತಾಡಿಸಿದಾಗ ಮಾತ್ರ ಹುಟ್ಟುತ್ತಿದ್ದ. ಕವಾಟ ನೋಡಿಕೊಳ್ಳುವ ಭಾಗವೋ ಎಲ್ಲರಿಗಿಂತ ಮೊದಲೇ ಎದ್ದಿತ್ತು. ಎದ್ದು ಸುಮ್ಮನೆ ಕೂತಿತ್ತು. ಹೇಳುವಂಥದ್ದೇನೂ ಇಲ್ಲವೆಂದು ಅದು ಯಾರನ್ನೂ ಮಾತಾಡಿಸಿರಲಿಲ್ಲ. ವರದಿಗಾರ ಎಷ್ಟೋ ಹೊತ್ತಿನ ಮೇಲೆ, ಇನ್ಯಾರದೋ ಕರೆಗೆ ಹುಟ್ಟಿದ. ತಡವಾಗಿ ಹುಟ್ಟಿದ್ದರಿಂದ ಮುಚ್ಚುವ ಹೊತ್ತಿಗೆ ಮೊದಲು ಹೋದ. ಕೊನೆಗೆ ತನ್ನ ಸರದಿ ಬಂದು, ಕವಾಟ 'ಮುಚ್ಚಿದೆ' ಎನ್ನಲು ಹೋದರೆ ಕೇಳಿಸಿಕೊಳ್ಳುವವನು ಇರಲಿಲ್ಲ.

ಇದನ್ನು ಅವನು ಅತ್ತೆಗೆ ವಿವರಿಸಿದ. ಇಂಥ ವಿಷಯದಲ್ಲಿ ಅವನಿಗೆ ಮಾತು ತಡವರಿಸುತ್ತಿರಲಿಲ್ಲ.

"ಸರಿ, ಇದಕ್ಕೆ ಮದ್ದು?"

"ಕವಾಟದ ಭಾಗ ಪೂರ್ತಿ ಏಳೋ ಮುಂಚೆನೇ ವರದಿಗಾರನಿಗೆ ಏನಾದ್ರೂ ಒಂದು ಮಾತು ಹೇಳಬೇಕು. ಆಗ ಅವನು ಇದಕ್ಕಿಂತ ಮೊದಲು ಹುಟ್ಟಿದ ಹಾಗಾಗುತ್ತೆ. ಇದು ಮುಗಿಯೋವರೆಗೂ ಇರ್ತಾನೆ."

"ಏನು ಹೇಳಬೇಕು?"

"ಏನಾದ್ರೂ. 'ಬಂದೆ' ಅಂದ್ರೂ ಸಾಕು."

"ಅರ್ಥ ಇರಬೇಕು ಅಂತಿಲ್ಲ?"

"ಇಲ್ಲ."

"ಅಂದ್ರೆ ಶುರುವಲ್ಲಿ ಒಂದು ಮಾತು ಆಡಿದ್ರೆ ಕೊನೇ ಮಾತು ಉಳಿಯುತ್ತೆ." ಅತ್ತೆ ಮೂಗೇರಿಸಿದಳು. "ಇಷ್ಟಕ್ಕೆ ವಾರವಿಡೀ ತಲೆ ಕೆಡಿಸ್ಕೊಂಡ್ರಾ? ಬರೀರಿ, ಸಂಜೆ ಕಪಾಟಿಗೆ ಹಾಕಿ ನೋಡ್ತೀನಿ."

ಅವನು ಬರೆದ. ಒಂದೇ ಸಾಲು. ಬರೆದ ಮೇಲೆ ಕೈ ಕೀಲಿಮಣೆಯ ಮೇಲೇ ನಿಂತಿತು.

ಅವರಿಬ್ಬರೂ ಈಗಿನ ಮನೆಗೆ ಬಂದ ಮೊದಲ ದಿನ ಒಳಗೆ ಒಂದು ಚಾಪೆಯಲ್ಲದೆ ಬೇರೇನೂ ಇರಲಿಲ್ಲ. ಹೆಂಡತಿ ಚಾಪೆ ಹಾಸಿ, ಗೋಡೆಗೆ ಒರಗಿ ಕಾಲು ಚಾಚಿ ಕೂತು, ಅವನ ಮುಖ ನೋಡಿ ಕೇಳಿದ್ದಳು. "ನಿಮಗೆ ಸಂತೋಷ ಆಗಿದೆಯಾ?" ಅವನಿಗೆ ಸಂತೋಷವಾಗಿತ್ತು. ಎಷ್ಟು ಆಗಿತ್ತೆಂದರೆ ಎಲ್ಲಿ ನೋಡಬೇಕೆಂದು ತೋಚದೆ ಬಾಗಿಲ ಕಡೆ ನೋಡಿದ್ದ. "ಅಗುಳಿ ಸಡಿಲ ಇದೆ," ಎಂದಿದ್ದ. ಎದ್ದು ಹೋಗಿ ಮೊಳೆ ಹುಡುಕಿ ತಂದು ಅದನ್ನು ಬಿಗಿ ಮಾಡಿದ್ದ. ಅವಳು ನಕ್ಕಿದ್ದಳು. ಆಮೇಲೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿರಲಿಲ್ಲ.

ಯಾರಿಗೂ ಹೇಳದೆ ಅವನು ಚೀಲ ಎತ್ತಿಕೊಂಡ. ಇಷ್ಟು ಬೇಗ ಅವನು ಆಫೀಸು ಬಿಟ್ಟವನೇ ಅಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯ ಕಡೆ ಮುಖ ಮಾಡಿ ಮನಸ್ಸಿನಲ್ಲೇ ಆ ಪದವನ್ನು ಆಡಿ ನೋಡಿದ. ಸಲೀಸಾಗಿತ್ತು. ತುಟಿ ಅಲುಗಿಸಿ ನೋಡಿದ. ಕೊನೆಗೆ ಬಾಯಿ ಬಿಟ್ಟು ಹೇಳಿದ. "ಹೋಗಬೇಡ."

ಪಕ್ಕದಲ್ಲಿ ಕೂತಿದ್ದ ವಯಸ್ಸಾದವರು ತಿರುಗಿದರು. "ನಾನು ಮುಂದಿನ ಸ್ಟಾಪಲ್ಲೇ ಇಳೀಬೇಕಲ್ಲಪ್ಪ," ಎಂದರು ಸಂಕೋಚದಿಂದ.

"ನಿಮಗಲ್ಲ," ಎಂದ ಅವನು. ಕಿವಿ ಬಿಸಿಯಾಯಿತು. ಹಾಗಿದ್ದರೂ ಪದ ಹೊರಗೆ ಬಂದಿತ್ತು. ಬಾರದ್ದೇನಲ್ಲ.

ಗೇಟಿನ ಮುಂದೆ ಟ್ಯಾಕ್ಸಿ ನಿಂತಿತ್ತು. ಡ್ರೈವರ್ ಒಂದು ಪೆಟ್ಟಿಗೆಯನ್ನು ಡಿಕ್ಕಿಗೆ ತುರುಕುತ್ತಿದ್ದ. ಹೆಂಡತಿ ಹೊಸ್ತಿಲ ಮೇಲೆ, ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಅವನನ್ನು ಕಂಡು ಚೀಲವನ್ನು ನೆಲಕ್ಕಿಟ್ಟಳು.

"ಬೇಗ ಬಂದ್ರಿ."

"ಹೂಂ."

"ಹುಷಾರಿದೀರ ತಾನೆ?"

"ಇದೀನಿ."

ಅವಳ ಮುಖದಲ್ಲಿ ಏನೋ ತೆರೆದುಕೊಂಡಿತು. ಎಷ್ಟೋ ವರ್ಷಗಳಿಂದ ಅವನು ಅದನ್ನು ಕಂಡಿರಲಿಲ್ಲ, ಆದರೆ ಗುರುತು ಹತ್ತಿತು. ಚಾಪೆಯ ಮೇಲೆ ಕೂತು ಕೇಳಿದ ದಿನದ ಮುಖ.   ಡ್ರೈವರ್ ಡಿಕ್ಕಿಯನ್ನು ಮುಚ್ಚಿ, ಕೈ ಒರೆಸಿಕೊಂಡು, ಬೇಕೆಂದೇ ಬೇರೆ ಕಡೆ ನೋಡುತ್ತ ನಿಂತ.

ಅವನು ಬಾಯಿ ತೆರೆದ.

"ಗ್ಯಾಸ್ ಆಫ್ ಮಾಡಿದೀಯಾ?"

ಆ ಮಾತು ತನ್ನದೇ ಧ್ವನಿಯಲ್ಲಿ ಹೊರಗೆ ಬಂದದ್ದನ್ನು ಅವನು ಪಕ್ಕದಲ್ಲಿ ನಿಂತವನ ಹಾಗೆ ಕೇಳಿಸಿಕೊಂಡ.

"ಮಾಡಿದೀನಿ," ಎಂದಳು ಅವಳು.

"ಕಿಟಕಿ?"

"ಹಾಕಿದೀನಿ."

"ಬಚ್ಚಲಲ್ಲಿ ನಲ್ಲಿ..."

"ಎಲ್ಲ ನೋಡಿದೀನಿ ರೀ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಳುವೂ ಇರಲಿಲ್ಲ. ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು. ಬಗ್ಗಿ ಚೀಲ ಎತ್ತಿಕೊಂಡಳು. ಮನೆಯಿಂದ ಹೊರಡುವಾಗಲೆಲ್ಲ 'ಬರ್ತೀನಿ' ಎನ್ನುತ್ತಿದ್ದವಳು ಇವತ್ತು ಏನೂ ಅನ್ನಲಿಲ್ಲ. ಅನ್ನಬಾರದೆಂದು ಬಿಟ್ಟಳೋ, ಮರೆತಳೋ. ಟ್ಯಾಕ್ಸಿಯ ಬಾಗಿಲು ಮೊದಲ ಸಲಕ್ಕೆ ಸರಿಯಾಗಿ ಕೂರದೆ ಎರಡನೆಯ ಸಲ ಹಾಕಿಕೊಂಡಳು.

ಹೋಗಬೇಡ ಎಂಬ ಪದ ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಇತ್ತು.

ಒಳಗೆ ಬಂದು ಬಾಗಿಲು ಹಾಕಿ ಅಗುಳಿ ಜಡಿದ. ಕಿಟಕಿಗಳಿಂದ ಇನ್ನೂ ಬಿಸಿಲು ಬೀಳುತ್ತಿತ್ತು. ಅಡುಗೆಮನೆಗೆ ಹೋಗಿ ಗ್ಯಾಸಿನ ಗುಂಡಿ ಮುಟ್ಟಿದ. ಆಫ್ ಆಗಿತ್ತು. ಕಿಟಕಿ ಹಾಕಿತ್ತು. ನಲ್ಲಿ ಬಿಗಿಯಾಗಿತ್ತು. ಇಸ್ತ್ರಿಪೆಟ್ಟಿಗೆ ಇದ್ದ ಜಾಗದಲ್ಲಿ ಇರಲಿಲ್ಲ, ಅವಳು ಒಯ್ದಿರಬೇಕು. ಆದರೂ ಖಾಲಿ ಪ್ಲಗ್ ಪಾಯಿಂಟಿನ ತೂತುಗಳನ್ನು ಬಗ್ಗಿ ನೋಡಿದ. ಎಲ್ಲವನ್ನೂ ಅವಳು ಸರಿಯಾಗಿ ಮುಚ್ಚಿದ್ದಳು. ಅವನಿಗೆ ಮಾಡಲು ಏನನ್ನೂ ಉಳಿಸಿರಲಿಲ್ಲ.

ಅಟ್ಟದ ಮೇಲಿನಿಂದ ಆ ಚಾಪೆಯನ್ನು ಇಳಿಸಿದ. ಅಂಚು ಹರಿದಿತ್ತು. ಹಾಸಿ ಕೂತ. ಎದುರಿಗೆ ಬಾಗಿಲು. ಪಕ್ಕದ ಗೂಟದಲ್ಲಿ ಅವಳ ಕೊಡೆ ನೇತಾಡುತ್ತಿತ್ತು. ಮರೆತು ಹೋಗಿದ್ದಳು.

ಫೋನು ಬಡಿದುಕೊಂಡಿತು. ಅತ್ತೆ.

"ಬಂತು, ದ್ವಾರಪಾಲಕರೇ. ಕಪಾಟು ಬಾಯಿ ಬಿಡ್ತು. 'ಕವಾಟ ಮುಚ್ಚಿದೆ', ಚೊಕ್ಕವಾಗಿ ಬಂತು. ಅದಾದ ಮೇಲೆ ಪರದೆ ಖಾಲಿ."

"ಹೂಂ."

"ಮೂರು ಸಲ ಹಾಕಿ ತೆಗೆದು ನೋಡಿದೆ. ಮೂರು ಸಲಾನೂ ಹೇಳ್ತು. ನಿಮಗೆ ಸಂತೋಷ ಆಯ್ತಾ ಈಗ?"

ಅವನು ಬಾಗಿಲ ಕಡೆ ನೋಡಿದ. "ನಾಳೆ ಮಾತಾಡೋಣ," ಎಂದು ಇಟ್ಟುಬಿಟ್ಟ.

ಬಿಸಿಲು ಮೇಜಿನ ಮೇಲಿನ ಚೌಕದ ಗುರುತಿನವರೆಗೆ ಬಂದು ನಿಂತಿತ್ತು. ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು, ಅಥವಾ ಹಾದುಹೋದ ಸದ್ದು. ಆಮೇಲೆ ಬೆಲ್ ಆಯಿತು. ಚಿಕ್ಕದಾಗಿ ಎರಡು ಸಲ. ಅವಳು ಹಾಗೇ ಒತ್ತುತ್ತಿದ್ದಳು. ಮೀನಿಗೆ ಏನು ಹಾಕಬೇಕೆಂದು ಕೇಳಲು ಬರುವ ಮೇಲಿನ ಮನೆಯ ಮಕ್ಕಳೂ ಹಾಗೇ ಒತ್ತುತ್ತಿದ್ದರು.

ಅವನು ಎದ್ದ. ಎಡವುತ್ತ ಓಡಿದ.  ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಕೈ ಅಗುಳಿಯನ್ನು ಹಿಡಿಯಿತು. ಬೆಲ್ ಇನ್ನೊಮ್ಮೆ ಆಯಿತು. ಕೈ ತನ್ನಷ್ಟಕ್ಕೆ ತಾನು ಅಗುಳಿಯನ್ನು ಒಮ್ಮೆ ಅಲ್ಲಾಡಿಸಿ, ಸಡಿಲವಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೂ ಸ್ವಲ್ಪ ಒಳಕ್ಕೆ ಒತ್ತಿತು.