ಖಾಲಿ ಮಿಕ್ಸಿ

“ಒಂದು ಮನೇಲಿ ಒಬ್ಬರನ್ನೇ ಕೇಳೋದು, ಅಕ್ಕ. ಚೀಟಿ ಎತ್ತಿದಾಗ ನಿಮ್ಮ ಮಗಳ ಹೆಸರು ಬಂತು,” ಎಂದಳು ಸಮೀಕ್ಷೆಯವಳು.

“ಅವಳಿಗೇನು ಗೊತ್ತು? ಹತ್ತೊಂಬತ್ತು ತುಂಬಿದ್ರೂ ಇನ್ನೂ ಮಗು,” ಎಂದು ತಾಯಿ ನಕ್ಕಳು. ಆದರೆ ಸಂಸಾರದೊಳಗಿನ ಹೊಡೆತ ಬಡಿತ ಕೇಳುವಾಗ ಮೂರನೆಯ ಕಿವಿ ಇರಬಾರದೆಂಬುದು ಅಧ್ಯಯನದ ನಿಯಮ. ತಾಯಿ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು, ಮನಸ್ಸನ್ನು ಕೆಳಗೇ ಬಿಟ್ಟು, ತಾರಸಿಗೆ ಹೋದಳು.

ಮೊದಲ ಮೂವತ್ತು ಪ್ರಶ್ನೆಗೂ ಹುಡುಗಿಯದು ಒಂದೇ ಉತ್ತರ: ಇಲ್ಲ. ಮೂವತ್ತೊಂದನೆಯದು, “ತಂದೆ ತಾಯಿಗೆ ಹೊಡೆಯೋದನ್ನ ನೋಡಿದ್ದೀರಾ, ಇಲ್ಲಾ ಕೇಳಿಸಿಕೊಂಡಿದ್ದೀರಾ?”

“ನೋಡಿಲ್ಲ.” ಹುಡುಗಿ ಉಗುರು ಕೆರೆದಳು. “ಅಪ್ಪ ದನಿ ಏರಿಸಿದ ತಕ್ಷಣ ಅಮ್ಮ ಹೋಗಿ ಮಿಕ್ಸಿ ಹಾಕ್ತಾರೆ, ನಂಗೆ ಕೇಳಿಸಬಾರದು ಅಂತ. ಜಾರಲ್ಲಿ ಏನೂ ಇರಲ್ಲ. ಖಾಲಿ ಮಿಕ್ಸಿ ಸದ್ದೇ ಬೇರೆ, ಅಕ್ಕ.”

“ಈಗಲೂನಾ?”

“ಮೊನ್ನೆ ಕೂಡ. ಕಾಲೇಜಲ್ಲಿ ಒಬ್ಬ ಹುಡುಗ ಇದ್ದಾನೆ, ಒಳ್ಳೆಯವನೇ. ಅವನು ಸ್ವಲ್ಪ ಜೋರಾಗಿ ಮಾತಾಡಿದ್ರೂ ನಂಗೆ ಕೈಕಾಲು ತಣ್ಣಗಾಗತ್ತೆ.” ಆಮೇಲೆ ಗಾಬರಿಯಿಂದ, “ಅಮ್ಮಂಗೆ ಹೇಳ್ಬೇಡಿ. ನಂಗೇನೂ ಗೊತ್ತಿಲ್ಲ ಅನ್ನೋದೊಂದೇ ಅವರಿಗೆ ಸಮಾಧಾನ.”

ಫಾರಮ್ಮಿನಲ್ಲಿ ಇದ್ದದ್ದು ಹೌದು, ಇಲ್ಲ ಎಂಬ ಎರಡೇ ಚೌಕ. ಸಮೀಕ್ಷೆಯವಳು ‘ಹೌದು’ ಎಂಬಲ್ಲಿ ಗುರುತು ಹಾಕಿ, ದೂರವಾಣಿ ಸಂಖ್ಯೆಗಳ ಚೀಟಿಯೊಂದನ್ನು ಕೊಟ್ಟಳು. ಯಾರಿಗೂ ಅನುಮಾನ ಬಾರದಿರಲೆಂದು ನೀರು, ಕರೆಂಟು, ಆಂಬುಲೆನ್ಸ್ ನಡುವೆ ಸಹಾಯವಾಣಿಯನ್ನೂ ಸೇರಿಸಿದ್ದರು. ಹುಡುಗಿ ಅದನ್ನು ಮಡಚಿ ಫೋನಿನ ಕವರಿನೊಳಗೆ ತೂರಿಸಿದಳು.

ತಾಯಿ ಆಗಲೇ ತಾರಸಿಯಿಂದ ಇಳಿದು ಗೇಟಿನ ಬಳಿ ಕಾದಿದ್ದಳು.

“ಏನಂದ್ಲು ನನ್ನ ಮಗಳು? ಏನೂ ಇಲ್ಲ ಅಂದ್ಲು ತಾನೇ?” ದನಿ ತಗ್ಗಿತು. “ಮನೆಯ ಒಂದು ಕೆಟ್ಟ ಮಾತೂ ಕಿವಿಗೆ ಬೀಳದ ಹಾಗೆ ಬೆಳೆಸಿದ್ದೀನಮ್ಮ ಅವಳನ್ನ. ಆ ಧೈರ್ಯದ ಮೇಲೇ ಎಲ್ಲಾ ನುಂಗ್ಕೊಂಡು ಇಲ್ಲಿದ್ದೀನಿ. ಅವಳಿಗೆ ಗೊತ್ತು ಅಂತಾದ್ರೆ ನಾನ್ಯಾಕೆ ಇರ್ಬೇಕು ಹೇಳು?”

ಇಂಥ ಹೊತ್ತಿನಲ್ಲಿ ಮುಖ ಗೋಡೆಯ ಹಾಗಿರಬೇಕೆಂದು ತರಬೇತಿಯಲ್ಲಿ ಮೂರು ದಿನ ಅರೆದು ಕುಡಿಸಿದ್ದರು. “ಯಾರ ಉತ್ತರಾನೂ ನಾವು ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ, ಅಕ್ಕ,” ಎಂದು ಸಮೀಕ್ಷೆಯವಳ ಬಾಯಿ ಪಾಠ ಒಪ್ಪಿಸಿತು. ಆದರೆ ಕಣ್ಣು ಕೈಕೊಟ್ಟಿತು. ತನ್ನ ಮೇಲೇ ಸಿಟ್ಟಾಗಿ ಅವಳು ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲೇ ತಾಯಿ ಆ ಮುಖವನ್ನು ಓದಿಕೊಂಡಿದ್ದಳು.

“ಎಷ್ಟು ವರ್ಷದಿಂದ ಗೊತ್ತಂತೆ ಅವಳಿಗೆ?”

ಉತ್ತರಕ್ಕೆ ಕಾಯಲಿಲ್ಲ. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತಳು. ಸೆರಗು ಎಳೆದುಕೊಂಡು ಒಂದು ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ಒಳಗೆ ತಿರುಗಿ ಮಗಳನ್ನು ಕೂಗಿದಳು.